ಮಗನಿಗೆ ಬ್ಲಡ್ ಕ್ಯಾನ್ಸರ್, ಮಗಳು ಮಾತು ಬಿಟ್ಟಿದ್ದಾಳೆ: ಫ್ಯಾಮಿಲಿ ಥೆರಪಿ ನಮಗೂ ಬೇಕಾ?

ಪ್ರಶ್ನೆ (ಗುಬ್ಬಿ, ತುಮಕೂರು ಜಿಲ್ಲೆ): ಮೇಡಂ, ಆರು ವರ್ಷದ ಮಗನಿಗೆ ಎ.ಎಲ್.ಎಲ್. ಅನ್ನುವ ಬ್ಲಡ್ ಕ್ಯಾನ್ಸರ್. ಕೀಮೋಗೆ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ಗಂಡ ಬಿಟ್ಟು ಹೋಗಿದ್ದಾರೆ. ಹನ್ನೆರಡು ವರ್ಷದ ಮಗಳನ್ನು ನಮ್ಮಮ್ಮ ನೋಡಿಕೊಳ್ಳುತ್ತಾರೆ. ಅವಳು ನನ್ನ ಹತ್ತಿರ ಸರಿಯಾಗಿ ಮಾತೇ ಆಡುವುದಿಲ್ಲ. "ಅಮ್ಮ ಇರೋದು ತಮ್ಮನಿಗೆ ಮಾತ್ರ" ಅಂದಳಂತೆ. ಮಗನಿಗೆ ಕೇಳಿದ್ದು ಕೊಡಿಸದಿದ್ದರೆ ನನಗೇ ಹೊಡೆಯುತ್ತಾನೆ. ಡಾಕ್ಟರ್ ಫ್ಯಾಮಿಲಿ ಥೆರಪಿ ಅಂದರು. ಗಂಡನೇ ಇಲ್ಲದ ಮನೆಗೆ ಅದೆಂಥ ಥೆರಪಿ?

ಉತ್ತರ (ಫ್ಯಾಮಿಲಿ ಕೌನ್ಸೆಲರ್): ಫ್ಯಾಮಿಲಿ ಥೆರಪಿ ಅಂದರೆ ಮನೆಯವರು ಕೌನ್ಸೆಲರ್ ಜೊತೆ ಒಟ್ಟಿಗೆ ಕೂತು ಮಾತಾಡುವುದು. ಅದಕ್ಕೆ ಗಂಡ ಬರಲೇಬೇಕು ಅಂತೇನಿಲ್ಲ. ಈಗ ಮನೆ ನಡೆಸುತ್ತಿರುವವರು ಬಂದರೆ ಸಾಕು. ಅಂದರೆ ನೀವು, ನಿಮ್ಮಮ್ಮ, ಇಬ್ಬರು ಮಕ್ಕಳು. ತಪ್ಪು ಯಾರದು ಅಂತ ಅಲ್ಲಿ ಹುಡುಕುವುದಿಲ್ಲ. ಯಾರ ತಲೆ ಮೇಲೆ ಎಷ್ಟು ಕೆಲಸ ಬಿದ್ದಿದೆ, ಯಾರು ಏನನ್ನು ಹೇಳದೆ ನುಂಗಿಕೊಂಡಿದ್ದಾರೆ ಅಂತ ನೋಡುತ್ತಾರೆ.

ನಾನಾದರೆ ಮಗಳಿಂದ ಶುರು ಮಾಡುತ್ತೇನೆ. ಕಾಯಿಲೆ ಬಗ್ಗೆ ಅವಳಿಗೆ ಎಷ್ಟು ಹೇಳಿದ್ದೀರಿ? ಹೇಳದಿದ್ದರೆ ಮಕ್ಕಳು ತಾವೇ ಏನೋ ಊಹಿಸಿಕೊಳ್ಳುತ್ತಾರೆ. ತಾನು ಜಗಳ ಆಡಿದ್ದಕ್ಕೇ ತಮ್ಮನಿಗೆ ಹೀಗಾಯ್ತು ಅಂದುಕೊಳ್ಳುವವರೂ ಇದ್ದಾರೆ. ಕಾಯಿಲೆಯ ಹೆಸರು ಹೇಳಿ. ಇದು ಅಂಟುವುದಿಲ್ಲ, ಯಾರ ತಪ್ಪಿನಿಂದಲೂ ಬಂದದ್ದಲ್ಲ ಅನ್ನಿ. ಆಸ್ಪತ್ರೆಯಿಂದ ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಅಂತ ಮೊದಲೇ ತಿಳಿಸಿ. ಫೋನಲ್ಲಿ ತಮ್ಮನ ಸುದ್ದಿ ಬೇಡ, ಅವಳ ಸುದ್ದಿ ಕೇಳಿ. ಈ ಚಿಕಿತ್ಸೆ ಸಾಮಾನ್ಯವಾಗಿ 2ರಿಂದ 3 ವರ್ಷ. ಅಷ್ಟು ಕಾಲ "ನೀನು ದೊಡ್ಡವಳು, ಅರ್ಥ ಮಾಡಿಕೋ" ಅಂದುಕೊಂಡೇ ಇರಲು ಆಗಲ್ಲ, ಅಲ್ವಾ?

ಮಗನ ಸಿಟ್ಟಿಗೆ ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆ ಕೂಡ ಕಾರಣ ಇರಬಹುದು. ಆ ಮಾತ್ರೆ ನಡೆಯುವ ದಿನಗಳಲ್ಲಿ ಹಸಿವು, ಹಟ ಎರಡೂ ಜಾಸ್ತಿ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಸಿಟ್ಟು ಮಾಡಲಿ, ಹೊಡೆಯಲು ಮಾತ್ರ ಬಿಡಬೇಡಿ. ಅಜ್ಜಿಯೂ ಇದೇ ಮಾತಿಗೆ ನಿಲ್ಲಬೇಕು.

ಪ್ರಶ್ನೆ: ಬೆಂಗಳೂರಿಗೆ ಇನ್ನೊಂದು ಓಡಾಟ ನನ್ನಿಂದ ಆಗಲ್ಲ ಮೇಡಂ. ಅಮ್ಮನೂ "ಮನೆ ವಿಷಯ ಹೊರಗೆ ಯಾಕೆ" ಅಂತಾರೆ.

ಉತ್ತರ: ಕೀಮೋಗೆ ಹೋದ ದಿನವೇ ಥೆರಪಿಯೂ ಆಗುತ್ತದಾ ಅಂತ ವಾರ್ಡಿನ ಸೋಷಿಯಲ್ ವರ್ಕರನ್ನು ಕೇಳಿ. ಅಮ್ಮ, ಮಗಳನ್ನು ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಳ್ಳಬಹುದಾ ಅಂತಲೂ ವಿಚಾರಿಸಿ. ಹಿರಿಯರು ಮೊದಲ ಸಲ ಸುಮ್ನೆ ಕೂತು ಕೇಳಿದರೂ ಸಾಕು, ಮಾತಾಡಲೇಬೇಕು ಅಂತ ಒತ್ತಾಯ ಇಲ್ಲ. ನಿಮಗೇ ತಡೆಯಲು ಆಗದಿದ್ದಾಗ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.