ಮನೇಲಿ ಕಲಸಿದ ಡಿ-76 ಫಿಲ್ಮ್ ಡೆವಲಪರ್, ನೆಗೆಟಿವ್ ತೀರಾ ತೆಳು. ನೀರಿನ ದೋಷಾನಾ?

ಕೋಟೆಕಲ್ಲು (ಚಿತ್ರದುರ್ಗ)
ತಲೆ ಕೆಟ್ಟು ಹೋಗೈತೆ. ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್, 35 ಎಂಎಂ, ಐಎಸ್‌ಓ 400ಕ್ಕೇ ಮೀಟರ್ ಮಾಡಿ ಹೊಡೆದದ್ದು. ಕೋಟೆ ಒಳಗೆ ಬೆಳಗಿನ ಬಿಸಿಲು, ಬೆಳಕಿಗೇನೂ ಬರ ಇರಲಿಲ್ಲ. ಡಿ-76 ಒಂದಕ್ಕೊಂದು (ಸ್ಟಾಕ್ ಅಂದರೆ ಕಲಸಿಟ್ಟ ಗಟ್ಟಿ ದ್ರಾವಣ ಒಂದು ಪಾಲು, ನೀರು ಒಂದು ಪಾಲು), 11 ನಿಮಿಷ. ಟ್ಯಾಂಕ್ ತೆಗೆದು ನೋಡಿದರೆ ಚಿತ್ರ ಐತೋ ಇಲ್ಲವೋ ಅನ್ನೋ ಹಂಗೆ. ಬಂಡೆಗಳ ನೆರಳಿನ ಕಡೆ ಪೂರ್ತಿ ಖಾಲಿ, ಆಕಾಶ ಮಾತ್ರ ತಿಳಿ ಬೂದು. ಪ್ಯಾಕೆಟ್ ಡೆವಲಪರ್ ಇದ್ದಾಗ ಇದೇ ಕ್ಯಾಮೆರಾ, ಇದೇ ಮೀಟರ್, ಏನೂ ತಕರಾರಿರಲಿಲ್ಲ. ಈಗ ಪುಡಿಗಳನ್ನ ಬಿಡಿಬಿಡಿಯಾಗಿ ತಂದು ಕಲಸಿದ್ದೀನಿ. ಡೆವಲಪರ್‌ನಲ್ಲಿ ಬಿಳಿ ಕಣ ಬಂದಿತ್ತು. ನಮ್ಮ ಕಡೆ ನೀರಿನ ಗಡಸು ನಿಮಗೆಲ್ಲ ಗೊತ್ತಿರೋದೇ. ನೀರೇ ಕಾರಣ ಅಂತ ನನ್ನ ಲೆಕ್ಕ. ಗೊತ್ತಿದ್ದೋರು ಹೇಳ್ರಪ್ಪಾ, ಇನ್ನೊಂದು ರೀಲು ಹಾಳು ಮಾಡೋಕೆ ಧೈರ್ಯ ಇಲ್ಲ.

ಬೆಣ್ಣೆನಗರಿ_35 (ದಾವಣಗೆರೆ)
ನೀರೇ ರೀ, ಅನುಮಾನ ಬ್ಯಾಡ. ಬಿಳಿ ಕಣ ಅಂದಿರಲ್ಲ, ಅದು ಕ್ಯಾಲ್ಸಿಯಂ ಸಲ್ಫೈಟ್. ಬೋರ್ ನೀರಿನ ಕ್ಯಾಲ್ಸಿಯಂ, ನೀವು ಹಾಕೋ ಸಲ್ಫೈಟ್ ಜೊತೆ ಸೇರಿ ತಳಕ್ಕೆ ಕೂಡ್ತದ. ಲೀಟರಿಗೆ 1 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕ್ರಿ, ಅದನ್ನ ಎಲ್ಲಾ ಪುಡಿಗಿಂತ ಮೊದಲೇ ನೀರಿಗೆ ಹಾಕಿ ಕರಗಿಸಬೇಕು. ಇಲ್ಲಾಂದ್ರೆ ಶಾಂತಿಸಾಗರದ ನೀರು ನಲ್ಲೀಲಿ ಬರೋ ದಿನ ಹಿಡಿದಿಟ್ಟು ಕಾಯಿಸಿ ಆರಿಸಿ ಬಳಸ್ರಿ.

ಹರಿಹರದ_ಹೈಪೋ
ನೀರಿನ ಮಾತು ಆಮೇಲೆ. ಮೊದಲು ನೆಗೆಟಿವ್ ಅಂಚು ನೋಡಿ ಹೇಳಿ. ತೂತುಗಳ ಪಕ್ಕ ಫಿಲ್ಮಿನ ಹೆಸರು, ಫ್ರೇಮ್ ನಂಬರ್ ಇರುತ್ತಲ್ಲ, ಅದು ಕಾರ್ಖಾನೆಯಲ್ಲೇ ಬೆಳಕು ಕೊಟ್ಟು ಅಚ್ಚು ಹಾಕಿದ್ದು. ನಿಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಕ್ಷರ ಕಪ್ಪಗೆ ಗಟ್ಟಿಯಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ಬೆಳಕು ಸಾಲದೇ ಹೋಗಿದೆ. ಅಕ್ಷರವೂ ಮಾಸಲಾಗಿದ್ದರೆ ಡೆವಲಪರ್ ಕೈಕೊಟ್ಟಿದೆ. ಲೀಡರ್, ಅಂದರೆ ರೀಲಿನಿಂದ ಹೊರಗಿರೋ ಮೊದಲ ತುದಿ, ಅದನ್ನೂ ನೋಡಿ. ಬಿಸಿಲು ಕಂಡ ತುದಿ ಕಿಟಕಿಗೆ ಹಿಡಿದರೆ ಆಚೆ ಏನೂ ಕಾಣದಷ್ಟು ಕಪ್ಪಾಗಬೇಕು. ಹಾಲಿನ ಹಾಗೆ ಮಬ್ಬು ಇದ್ದರೆ ಅದು ಫಿಕ್ಸರ್ (ಚಿತ್ರ ನಿಲ್ಲಿಸೋ ದ್ರಾವಣ) ಸಾಲದ್ದು, ಬೇರೆ ಕಥೆ.

ಕೋಟೆಕಲ್ಲು
ಮಬ್ಬಿಲ್ಲ, ಫಿಲ್ಮ್ ಸ್ವಚ್ಛವಾಗೈತೆ. ಅಂಚಿನ ಅಕ್ಷರ ಕಷ್ಟಪಟ್ಟು ಓದಬೇಕು. ಲೀಡರ್ ಬೂದು ಬಣ್ಣ, ಹಿಂದೆ ಬೆರಳು ಹಿಡಿದರೆ ಕಾಣುತ್ತೆ. ಅಂದಹಾಗೆ ಡೆವಲಪರ್ ಕಲಸಿದ್ದು ಬೋರ್ ನೀರಲ್ಲಲ್ಲ, 20 ಲೀಟರ್ ಕ್ಯಾನ್‌ನ ಆರ್‌ಓ ನೀರಲ್ಲಿ. ಬೋರ್ ನೀರು ಫಿಲ್ಮ್ ತೊಳೆಯೋಕೆ ಮಾತ್ರ.

ಬೆಣ್ಣೆನಗರಿ_35
ಕ್ಯಾನ್ ನೀರು ಅಂದ ತಕ್ಷಣ ಮೆತ್ತಗಿನ ನೀರು ಅಂತಲ್ಲರಿ. ಘಟಕದಾಗ ಮೆಂಬ್ರೇನ್ ಬದಲಿಸದೇ ವರ್ಷಗಟ್ಟಲೆ ಓಡಿಸ್ತಾರೆ. ಒಂದು ಟಿಡಿಎಸ್ ಮೀಟರ್ ತಗೊಂಡು ಅದ್ದಿ ನೋಡ್ರಿ. 300 ದಾಟಿದ್ರೆ ನಾ ಹೇಳಿದ್ದೇ. ಮೇಲೆ ನಿಮ್ಮ ಜಿಲ್ಲೆ ನೀರಾಗ ಫ್ಲೋರೈಡ್ ಬೇರೆ.

ಹರಿಹರದ_ಹೈಪೋ
ಫ್ಲೋರೈಡ್ ಹಲ್ಲಿಗೆ, ಮೂಳೆಗೆ ಕೆಟ್ಟದ್ದು ಅಣ್ಣಾ. ಕುಡಿಯೋ ನೀರಿನಲ್ಲಿರೋ ಪ್ರಮಾಣ ಡೆವಲಪರ್‌ಗೆ ಏನೂ ಮಾಡಲ್ಲ. ಗಡಸು ನೀರಿನಿಂದ ಕೆಸರು ಕೂಡುತ್ತೆ, ಒಣಗಿದ ಮೇಲೆ ಫಿಲ್ಮ್ ಮೇಲೆ ಸುಣ್ಣದ ಕಲೆ ಉಳಿಯುತ್ತೆ. ಲೀಡರ್ ಬೂದಾಗುವಷ್ಟು ಶಕ್ತಿ ಕಳೆಯೋದು ನೀರಿನ ಕೆಲಸ ಅಲ್ಲ. ಸಲ್ಫೈಟ್ 100 ಗ್ರಾಂ ಹಾಕ್ತೀವಿ, ನೀರಿನ ಕ್ಯಾಲ್ಸಿಯಂ ಅದರಲ್ಲಿ ಒಂದು ಗ್ರಾಂ ತಿಂದರೂ ಉಳಿದದ್ದು ಧಾರಾಳ.

ಕೆಂಪುದೀಪ (ದಾವಣಗೆರೆ)
ಟೆಂಪರೇಚರ್ ಎಷ್ಟಿತ್ತು ಅಂತ ಯಾರೂ ಕೇಳಲೇ ಇಲ್ಲ. 11 ನಿಮಿಷ ಅನ್ನೋದು 20 ಡಿಗ್ರಿ ಲೆಕ್ಕ. 24 ಡಿಗ್ರಿಗೆ ಸುಮಾರು 8 ನಿಮಿಷ ಸಾಕು. ಐಸ್ ಜಾಸ್ತಿ ಹಾಕಿ 15ಕ್ಕೆ ಇಳಿಸಿಬಿಟ್ಟರೆ ತೆಳು ಬರುತ್ತೆ, ಡೆವಲಪರ್‌ನಲ್ಲಿರೋ ಹೈಡ್ರೋಕ್ವಿನೋನ್ ತಣ್ಣಗಾದರೆ ಕೆಲಸ ಮಾಡಲ್ಲ. ಇನ್ನೊಂದು, ಟ್ಯಾಂಕ್‌ಗೆ ಎಷ್ಟು ಸುರಿದಿರಿ? ಒಂದು ಸ್ಪೈರಲ್ (ಫಿಲ್ಮ್ ಸುತ್ತೋ ಚಕ್ರ) ಮುಳುಗಲು 290 ಮಿ.ಲೀ. ಸಾಕಾದರೂ, ಒಂದಕ್ಕೊಂದು ಅಂದರೆ ಅದರಲ್ಲಿ ಸ್ಟಾಕ್ 145 ಮಾತ್ರ. 36 ಫ್ರೇಮ್ ರೀಲಿಗೆ 240 ಮಿ.ಲೀ. ಸ್ಟಾಕ್ ಸಿಗಬೇಕು, ಇಲ್ಲಾಂದ್ರೆ ಸಮಯ 10% ಹೆಚ್ಚಿಸಬೇಕು. ನಾನು ಒಂದೇ ರೀಲಿದ್ದರೂ ಎರಡು ಸ್ಪೈರಲ್ ಟ್ಯಾಂಕ್‌ಗೆ 500 ಸುರೀತೀನಿ. ಡೆವಲಪರ್ ಕೆಲಸ ನಿಲ್ಲಿಸೋ ಆಸಿಡ್ ನೀರು, ಅಂದರೆ ಸ್ಟಾಪ್ ಬಾತ್, ಅದರ ಗೊಡವೆಗೇ ಹೋಗಲ್ಲ, ಸಾದಾ ನೀರು ಎರಡು ಸಲ ಸುರಿದು ಚೆಲ್ಲಿದರೆ ಆಯ್ತು. ಆಸಿಡ್‌ಗೆ ಫಿಲ್ಮ್ ಮೇಲೆ ಸೂಜಿ ಮೊನೆಯಷ್ಟು ತೂತು ಬೀಳ್ತಾವೆ.

ಬೆಣ್ಣೆನಗರಿ_35
ಅದು ತಪ್ಪು ರೀ. ತೂತು ಬೀಳೋದು ಡೆವಲಪರ್‌ನಾಗ ಕಾರ್ಬೊನೇಟ್ ಇದ್ದು, ಸ್ಟಾಪ್ ತೀರಾ ಗಟ್ಟಿ ಇದ್ದಾಗ. ಆಸಿಡ್ ತಗುಲಿದ ಕೂಡ್ಲೇ ಜೆಲಾಟಿನ್ ಒಳಗೇ ಗ್ಯಾಸ್ ಗುಳ್ಳೆ ಏಳ್ತದ. ಡಿ-76ನಾಗ ಇರೋದು ಬೋರಾಕ್ಸ್, ಗ್ಯಾಸ್ ಎಲ್ಲಿಂದ ಬರಬೇಕು? ಸ್ಟಾಪ್ ಬಿಟ್ರೆ ನಿಮ್ಮ ಆಸಿಡ್ ಫಿಕ್ಸರ್ ಬೇಗ ಸಾಯ್ತದ. ಲಿಂಬು ಉಪ್ಪು ಲೀಟರಿಗೆ 15 ಗ್ರಾಂ, ಕಿರಾಣಿ ಅಂಗಡಿಯಾಗೇ ಸಿಗ್ತದ, ವಾಸನೆಯೂ ಇಲ್ಲ.

ಕೆಂಪುದೀಪ
ನನ್ನದು ಆಸಿಡ್ ಇಲ್ಲದ ಫಿಕ್ಸರ್, ಸಾಯುವ ಪ್ರಶ್ನೆಯೇ ಇಲ್ಲ. ವರ್ಷಗಟ್ಟಲೆ ಹೀಗೇ ನಡೆದಿದೆ, ನೆಗೆಟಿವ್ ತೋರಿಸಬಲ್ಲೆ.

ಹರಿಹರದ_ಹೈಪೋ
ಸ್ಟಾಪ್ ಬಾತ್ ಜಗಳ ಬೇರೆ ಕಡೆ ಇಟ್ಕೊಳ್ಳಿ ಮಾರಾಯ್ರೇ. ಕೋಟೆಕಲ್ಲು, ಯಾವ ಪುಡಿ ಎಷ್ಟು, ಯಾವುದರ ಹಿಂದೆ ಯಾವುದು, ನೀರು ಎಷ್ಟು ಬಿಸಿ, ಆಮೇಲೆ ಏನೇನು ಮಾಡಿದಿರಿ? ಒಂದೂ ಬಿಡದೆ ಬರೀರಿ.

ಕೋಟೆಕಲ್ಲು
ಟೆಂಪರೇಚರ್ 21 ಇತ್ತು, ಥರ್ಮಾಮೀಟರ್ ಸರಿ ಐತೆ. 150 ಸ್ಟಾಕ್, 150 ನೀರು. ಪ್ರಮಾಣ ಎಲ್ಲರೂ ಹಾಕೋದೇ: ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಮೆಟಾಲ್ 2, ಬೋರಾಕ್ಸ್ 2, ಒಟ್ಟು 1 ಲೀಟರ್. ತೂಕ ಆಭರಣದ ತಕ್ಕಡೀಲಿ. 750 ನೀರು ಉಗುರುಬೆಚ್ಚಗೆ ಮಾಡಿ ಸಲ್ಫೈಟ್ ಹಾಕಿದೆ, ಅದು ಜಾಸ್ತಿ ಇರೋದರಿಂದ ಮೊದಲು ಅದನ್ನೇ ಕರಗಿಸಿಕೊಂಡೆ. ಮಿಕ್ಕಿದ್ದು ಆಮೇಲೆ. ಬಿಳಿ ಕಣ ಎಷ್ಟು ಕಲಕಿದರೂ ಹೋಗಲಿಲ್ಲ. ಸುಣ್ಣ ಅಂತ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ ಬಾಟಲಿಗೆ ತುಂಬಿಸಿದೆ. ಸೋಸಿದ ಮೇಲೆ ಕನ್ನಡಿ ಹಂಗೆ ತಿಳಿ ಇತ್ತು.

ಹರಿಹರದ_ಹೈಪೋ
ಸಿಕ್ಕಿತು. ನೀವು ಸೋಸಿ ತೆಗೆದದ್ದು ಸುಣ್ಣ ಅಲ್ಲ, ಮೆಟಾಲ್, ಚಿತ್ರ ಮೂಡಿಸೋ ಮುಖ್ಯ ಪುಡಿ.

ಮೆಟಾಲ್ ಸಾದಾ ನೀರಿನಲ್ಲಿ ಸಲೀಸಾಗಿ ಕರಗುತ್ತೆ. ಸಲ್ಫೈಟ್ ತುಂಬಿದ ನೀರಿಗೆ ಹಾಕಿದರೆ ಕರಗೋಕೆ ಒಪ್ಪಲ್ಲ, ಬಿಳಿ ಕಣವಾಗಿ ತೇಲುತ್ತೆ. ನೀರು ಬರೀ ಉಗುರುಬೆಚ್ಚಗಿದ್ದರಂತೂ ಇನ್ನೂ ಕಷ್ಟ. ಅದಕ್ಕೇ ಎಲ್ಲಾ ಹಳೇ ಸೂತ್ರಗಳಲ್ಲೂ ಮೆಟಾಲ್ ಮೊದಲು ಬರೆದಿರೋದು. ಸೂತ್ರದ ಪಟ್ಟಿ ಅಂದರೆ ಸಾಮಾನಿನ ಚೀಟಿಯಲ್ಲ, ಹಾಕುವ ಕ್ರಮವೂ ಅದೇ. ಮೆಟಾಲ್ ಹೋದ ಮೇಲೆ ಉಳಿದದ್ದು ಹೈಡ್ರೋಕ್ವಿನೋನ್. ಬೋರಾಕ್ಸ್‌ನ ಇಷ್ಟು ಕಮ್ಮಿ ಕ್ಷಾರದಲ್ಲಿ ಅದು ಒಂಟಿಯಾಗಿ ಹೆಚ್ಚುಕಮ್ಮಿ ಸುಮ್ಮನೆ ಕೂರುತ್ತೆ. ಕರಗಿ ಉಳಿದ ಚೂರುಪಾರು ಮೆಟಾಲ್‌ನಿಂದ ನಿಮಗೆ ಅಷ್ಟಾದರೂ ಚಿತ್ರ ಬಂದಿದೆ. ನೆರಳಿನ ಭಾಗ ಎಬ್ಬಿಸೋದು ಮೆಟಾಲೇ, ಅದಕ್ಕೇ ಬಂಡೆಯ ನೆರಳು ಮೊದಲು ಹೋಗಿದ್ದು.

ನನ್ನ ಮಾತು ನಂಬಬೇಡಿ, ಆ ಫಿಲ್ಟರ್ ಪೇಪರ್ ಇನ್ನೂ ಎಸೆಯದಿದ್ದರೆ ಪರೀಕ್ಷೆ ಮಾಡಿ. ಪೇಪರ್ ಮೇಲಿನ ಕಣ ಒಂದು ಚಿಟಿಕೆ, 50 ಮಿ.ಲೀ. ಬಿಸಿ ನೀರು, ಒಂದು ಚಿಟಿಕೆ ಸಲ್ಫೈಟ್, ಅರ್ಧ ಚಮಚ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. ಆರಿದ ಮೇಲೆ ಯಾವುದಾದರೂ ಹೊಸ ರೀಲಿನ ಲೀಡರ್ ಒಂದು ತುಂಡು ಕತ್ತರಿಸಿ, ಹಗಲು ಬೆಳಕಲ್ಲೇ ಅದ್ದಿ ಹಿಡೀರಿ. ಕಪ್ಪಾದರೆ ಅದು ಡೆವಲಪರ್ ಪುಡಿ. ಸುಣ್ಣ ಆಗಿದ್ದರೆ ನಾಳೆವರೆಗೆ ಅದ್ದಿದರೂ ಏನೂ ಆಗಲ್ಲ.

ಬೆಣ್ಣೆನಗರಿ_35
ಕ್ರಮದ ಮಾತು ಒಪ್ಪಿದೆ. ಆದ್ರೂ ಆ ಸಲ್ಫೈಟ್ ಯಾವ ತರದ್ದು ಅಂತ ನೋಡ್ರಿ. ಲ್ಯಾಬ್ ಕೆಮಿಕಲ್ ಅಂಗಡಿಯಾಗ ಡಬ್ಬಿ ಮೇಲೆ ‘ಅನ್‌ಹೈಡ್ರಸ್’ ಅಂತ ಇರಬೇಕು. ಹರಳಿನ ರೂಪದ್ದಾದ್ರೆ ಅರ್ಧ ತೂಕ ನೀರೇ, 100 ಗ್ರಾಂ ಜಾಗಕ್ಕೆ 200 ಗ್ರಾಂ ಹಾಕಬೇಕಾಗ್ತದ. ಅಂಗಡಿಯವ ಸಲ್ಫೈಟ್ ಕೇಳಿದ್ರೆ ಸಲ್ಫೇಟ್ ಕೊಟ್ಟಿದ್ದೂ ಉಂಟು. ಬಿಸಿ ನೀರಾಗ ಸ್ವಲ್ಪ ಕರಗಿಸಿ ಲಿಂಬು ಉಪ್ಪು ಹಾಕಿ ಮೂಸ್ರಿ. ಬೆಂಕಿಕಡ್ಡಿ ಗೀರಿದಾಗಿನ ಘಾಟು ಬಂದ್ರೆ ಸಲ್ಫೈಟ್. ಸಲ್ಫೇಟ್‌ಗೆ ವಾಸನೇನೇ ಇಲ್ಲ. ಮುಖ ಹತ್ತಿರ ಒಯ್ಯಬ್ಯಾಡ್ರಿ, ಕಿಟಕಿ ತೆಗೆದಿಟ್ಟು ಮಾಡ್ರಿ.

ಕೆಂಪುದೀಪ
ನಾನು ಹೇಳೋದು ಡಿ-23ಗೆ ಬನ್ನಿ. ಎರಡೇ ಪುಡಿ: ಮೆಟಾಲ್ 7.5 ಗ್ರಾಂ, ಸಲ್ಫೈಟ್ 100 ಗ್ರಾಂ, 1 ಲೀಟರ್. ನಮ್ಮ ಕಡೆ ಬಿಸಿಲಿಗೆ ಅದೇ ಚೆಂದ, ಆಕಾಶ ಸುಟ್ಟು ಹೋಗಲ್ಲ. ಅಂದಹಾಗೆ ನನ್ನ ಸೆಟಪ್ ಹೇಳ್ತೀನಿ: ಮೀನು ತರುವ ದೊಡ್ಡ ಥರ್ಮೋಕೋಲ್ ಡಬ್ಬಿ, ಅದರಲ್ಲಿ 12 ಲೀಟರ್ ನೀರು, ಮೂರು ಒಂದು ಲೀಟರ್ ಬಾಟಲಿ ಕತ್ತಿನವರೆಗೆ ಮುಳುಗಿ ನಿಲ್ಲುತ್ತವೆ. ಏಪ್ರಿಲ್‌ನಲ್ಲಿ ಫ್ರೀಜರ್‌ನ ನೀರಿನ ಬಾಟಲಿ ಎರಡು ಬಿಟ್ಟರೆ 20ಕ್ಕೆ ಇಳಿದು ತುಂಬಾ ಹೊತ್ತು ಅಲ್ಲೇ ನಿಲ್ಲುತ್ತೆ. ಕಲರ್ ಫಿಲ್ಮ್‌ಗೆ ಅದೇ ಡಬ್ಬಿಗೆ ಅಕ್ವೇರಿಯಂ ಪಂಪು, ಇಮ್ಮರ್ಶನ್ ಹೀಟರ್, ಡಿಜಿಟಲ್ ಕಂಟ್ರೋಲರ್ ಜೋಡಿಸಿದ್ದೀನಿ. 37.8ರಲ್ಲಿ ಕದಲದೆ ನಿಲ್ಲುತ್ತೆ, 3 ನಿಮಿಷ 15 ಸೆಕೆಂಡ್ ಡೆವಲಪರ್ ಮುಗಿಯೋವರೆಗೆ ಮುಳ್ಳು ಅಲ್ಲಾಡಲ್ಲ.

ಹೊಸಬ_ಹೊಳಲ್ಕೆರೆ
ಕಂಟ್ರೋಲರ್ ಯಾವುದು ಸರ್? ಪ್ರೋಬ್ ನೀರಲ್ಲಿ ಮುಳುಗಿಸಬಹುದಾ?

ಕೆಂಪುದೀಪ
ಇನ್‌ಕ್ಯುಬೇಟರ್‌ಗೆ ಹಾಕೋ ಸಾಮಾನ್ಯ ಕಂಟ್ರೋಲರ್. ಪ್ರೋಬ್ ಸ್ಟೀಲ್ ಟೋಪಿಯದ್ದೇ ತಗೊಳ್ಳಿ, ಜಾಯಿಂಟಿಗೆ ಸಿಲಿಕೋನ್ ಹಚ್ಚಿ. ಹೀಟರ್‌ಗೆ ಅರ್ಥಿಂಗ್ ಇಲ್ಲದೆ ನೀರಿಗೆ ಕೈ ಇಡಬೇಡಿ. ಫೋಟೊ ಆಮೇಲೆ ಹಾಕ್ತೀನಿ.

ಕೋಟೆಕಲ್ಲು
ಪೇಪರ್ ಇನ್ನೂ ಸಿಂಕ್ ಪಕ್ಕದಲ್ಲೇ ಇತ್ತು. ಹೇಳಿದ ಹಾಗೇ ಮಾಡಿದೆ. ಲೀಡರ್ ಅದ್ದಿ ಒಂದು ನಿಮಿಷದೊಳಗೆ ಅಂಚಿನಿಂದ ಕಂದು ಏರಿ, ಆಮೇಲೆ ಇದ್ದಿಲಿನಷ್ಟು ಕಪ್ಪು. ಅದೇ ತರದ ತುಂಡನ್ನ ಬಾಟಲಿಯ ಸ್ಟಾಕ್‌ಗೆ ಅದ್ದಿದರೆ ಐದು ನಿಮಿಷವಾದರೂ ಬರೀ ಬೂದು. ಸಲ್ಫೈಟ್ ಡಬ್ಬಿ ಮೇಲೆ ಅನ್‌ಹೈಡ್ರಸ್ ಅಂತಾನೇ ಐತೆ, ಘಾಟೂ ಬಂತು. ಈಗ ಹೊಸದಾಗಿ ಕಲಸೋ ಕ್ರಮ ಹೇಳಿಬಿಡಿ.

ಹರಿಹರದ_ಹೈಪೋ
750 ಮಿ.ಲೀ. ನೀರು 52 ಡಿಗ್ರಿಗೆ. ಸಲ್ಫೈಟ್ ಬರೀ ಒಂದು ಚಿಟಿಕೆ ಮೊದಲು. ಮೆಟಾಲ್ ಗಾಳಿಗೆ ಕಂದಾಗದಿರಲಿ ಅಂತ, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಮೆಟಾಲ್ 2 ಗ್ರಾಂ. ಒಂದು ಕಣವೂ ಕಾಣದಷ್ಟು ಕರಗೋವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. ನಂತರ ಸಲ್ಫೈಟ್ 100 ಗ್ರಾಂ, ಸ್ವಲ್ಪಸ್ವಲ್ಪ ಉದುರಿಸುತ್ತಾ, ಕಲಕುತ್ತಾ. ಒಟ್ಟಿಗೆ ಸುರಿದರೆ ತಳದಲ್ಲಿ ಕಲ್ಲಿನಂತೆ ಗಟ್ಟಿ ಕೂರುತ್ತೆ. ಹೈಡ್ರೋಕ್ವಿನೋನ್ 5, ಕೊನೆಗೆ ಬೋರಾಕ್ಸ್ 2. ತಣ್ಣೀರು ಸೇರಿಸಿ 1 ಲೀಟರ್. ನೊರೆ ಬರೋ ಹಾಗೆ ಕಲಕಬೇಡಿ, ಗಾಳಿ ಸೇರುತ್ತೆ. ಒಂದು ರಾತ್ರಿ ಬಿಟ್ಟು ಬಳಸಿ. ಕತ್ತಿನವರೆಗೆ ತುಂಬಿದ ಬಾಟಲಿ ಆರು ತಿಂಗಳು, ಅರ್ಧ ಖಾಲಿಯಾದದ್ದು ಎರಡು ತಿಂಗಳು. ಅದಕ್ಕೇ 250ರ ಸಣ್ಣ ಬಾಟಲಿಗಳಿಗೆ ಹಂಚಿಡಿ, ಒಂದು ರೀಲಿಗೆ ಒಂದು.

ಪ್ರತಿ ಸಲ ರೀಲು ಹಾಕೋ ಮುಂಚೆ ಲೀಡರ್ ತುಂಡು ಅದ್ದಿ ನೋಡೋದು ರೂಢಿ ಮಾಡ್ಕೊಳ್ಳಿ. ಕಪ್ಪಾಗದ ಡೆವಲಪರ್‌ಗೆ ಫಿಲ್ಮ್ ಕೊಡಬೇಡಿ. ಕಪ್ಪಾದರೆ ಡೆವಲಪರ್ ಬದುಕಿದೆ ಅಂತ ಮಾತ್ರ ಅರ್ಥ, ಸಮಯ ಸರಿ ಇದೆ ಅಂತಲ್ಲ. ಇನ್ನೊಂದು ತುಂಡು ಫಿಕ್ಸರ್‌ಗೂ ಅದ್ದಿ: ತಿಳಿಯಾಗಲು ಎಷ್ಟು ಹೊತ್ತು ಹಿಡಿಯುತ್ತೋ ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಬೇಕು.

ಕೋಟೆಕಲ್ಲು
ಹೊಸ ಸ್ಟಾಕ್ ಕಲಸಿ ರೀಲು ತೊಳೆದೆ. 250 ಸ್ಟಾಕ್, 250 ನೀರು, 20 ಡಿಗ್ರಿ, 11 ನಿಮಿಷ. ಲೀಡರ್ ಕಪ್ಪು, ಅಂಚಿನ ಅಕ್ಷರ ಗಟ್ಟಿ, ಬಂಡೆ ಸಂದಿನ ನೆರಳಲ್ಲೂ ಕಲ್ಲಿನ ಗೆರೆ ಕಾಣ್ತವೆ. ಆದರೆ ಹೊಸ ತಕರಾರು: ತೂತುಗಳ ಹತ್ತಿರ ಎಮಲ್ಷನ್ (ಚಿತ್ರ ಮೂಡೋ ಪದರ) ಸುಕ್ಕಾಗಿ ಎದ್ದೈತೆ, ಒಂದು ಕಡೆ ಬೆರಳು ತಾಗಿದರೆ ಜಾರುತ್ತೆ. ಈ ಸಲ ಕ್ರಮ ಎಲ್ಲಾ ಸರಿ ಇತ್ತಲ್ಲ?

ಬೆಣ್ಣೆನಗರಿ_35
ತೊಳೆದ ನೀರು ಎಲ್ಲಿಂದ?

ಕೋಟೆಕಲ್ಲು
ತಾರಸಿ ಟ್ಯಾಂಕಿನ ನಲ್ಲಿ ನೀರು. ಮಧ್ಯಾಹ್ನ.

ಬೆಣ್ಣೆನಗರಿ_35
ಹಂಗಾದ್ರೆ ಈ ಸಲ ನೀರೇ. ಬ್ಯಾಸಿಗಿ ಮಧ್ಯಾಹ್ನ ತಾರಸಿ ಟ್ಯಾಂಕ್ ನೀರು 35 ದಾಟಿರ್ತದ. 20 ಡಿಗ್ರಿ ಫಿಕ್ಸರ್‌ನಿಂದ ಒಮ್ಮೆಲೇ ಅದಕ್ಕೆ ಬಿದ್ರೆ ಜೆಲಾಟಿನ್ ಉಬ್ಬಿ ಅಂಚಿನಿಂದ ಬಿಡ್ತದ. ಹರಿಯೋ ನಲ್ಲಿ ಕೆಳಗೆ ಹಿಡಿಯಬ್ಯಾಡ್ರಿ. ಕೆಂಪುದೀಪ ಹೇಳಿದ ತಣ್ಣನೆ ಡಬ್ಬಿಯಾಗ ಎರಡು ಲೀಟರ್ ನೀರು ಮೊದ್ಲೇ 20-22ಕ್ಕೆ ಇಳಿಸಿ ಇಟ್ಕೊಳ್ರಿ. ಟ್ಯಾಂಕ್ ತುಂಬಿ 5 ಸಲ ಮಗುಚಿ ಚೆಲ್ರಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಗಟ್ಟಿ ಮಾಡದ ಫಿಕ್ಸರ್ ಆಗಿದ್ರೆ ಇಷ್ಟೇ ಸಾಕು.

ಹರಿಹರದ_ಹೈಪೋ
ಒಪ್ಪಿದೆ. ಅಷ್ಟಾದರೂ ಬೇಸಿಗೆಯಲ್ಲಿ ಸುಕ್ಕು ಬಂದರೆ ಫಿಕ್ಸರ್‌ಗೆ ಪಟಿಕ ಸೇರಿಸಿ ಗಟ್ಟಿ ಮಾಡಬೇಕು. ಲೀಟರಿಗೆ ಹೈಪೋ (ಫಿಕ್ಸರ್‌ನ ಮುಖ್ಯ ಪುಡಿ) 240 ಗ್ರಾಂ, ಸಲ್ಫೈಟ್ 15, 28% ಅಸಿಟಿಕ್ ಆಸಿಡ್ 48 ಮಿ.ಲೀ., ಬೋರಿಕ್ ಆಸಿಡ್ 7.5, ಪೊಟ್ಯಾಷ್ ಪಟಿಕ 15. ಇಲ್ಲೂ ಬರೆದ ಕ್ರಮದಲ್ಲೇ. ಸಲ್ಫೈಟ್‌ಗಿಂತ ಮೊದಲು ಆಸಿಡ್ ಬಿದ್ದರೆ ಹೈಪೋ ಒಡೆದು ಗಂಧಕ ಕೂಡುತ್ತೆ, ನೀರು ಹಳದಿ ಹಾಲಿನಂತಾಗುತ್ತೆ. ಪಟಿಕ ಹಾಕಿದ ಫಿಕ್ಸರ್ ಆದರೆ ಮಗುಚೋ ಲೆಕ್ಕ ಸಾಲದು, ತಣ್ಣೀರನ್ನ ಬದಲಿಸುತ್ತಾ ಇಪ್ಪತ್ತು-ಮೂವತ್ತು ನಿಮಿಷ ತೊಳೀಬೇಕು.

ಎದ್ದಿರೋ ಎಮಲ್ಷನ್ ಮುಟ್ಟದೇ, ಒರೆಸದೇ ನೇತುಹಾಕಿ. ಒಣಗಿದರೆ ಬಹುಪಾಲು ಮತ್ತೆ ಅಂಟಿಕೊಳ್ಳುತ್ತೆ. ಕೊನೆಯ ಜಾಲಾಟಕ್ಕೆ ಮಾತ್ರ ಬೋರ್ ನೀರು ಬೇಡ, ಪೆಟ್ರೋಲ್ ಬಂಕ್‌ನಲ್ಲಿ ಸಿಗೋ ಬ್ಯಾಟರಿ ನೀರು ಅರ್ಧ ಲೀಟರ್ ಸಾಕು. ಅದಕ್ಕೆ ಹನಿ ನಿಲ್ಲದಂತೆ ಮಾಡೋ ವೆಟ್ಟಿಂಗ್ ಏಜೆಂಟ್ 200ಕ್ಕೆ 1ರಂತೆ.

ಹೊಸಬ_ಹೊಳಲ್ಕೆರೆ
ಹಳೇ ಫಿಕ್ಸರ್ ಎಲ್ಲಿ ಚೆಲ್ಲಬೇಕು ಸರ್? ನಮ್ಮ ಮನೆ ನೀರು ಇಂಗುಗುಂಡಿಗೇ ಹೋಗುತ್ತೆ.

ಹರಿಹರದ_ಹೈಪೋ
ಇಂಗುಗುಂಡಿಗೆ ಬೇಡ, ಅದರಲ್ಲಿ ಬೆಳ್ಳಿ ಕರಗಿರುತ್ತೆ. ಬಕೆಟ್‌ನಲ್ಲಿ ಹಾಕಿ ಸ್ಟೀಲ್ ವುಲ್ ಮುಳುಗಿಸಿ ಕೆಲವು ದಿನ ಬಿಡಿ. ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಇಳಿಯುತ್ತೆ. ಮನೇಲಿ ಸ್ಟೀಲ್ ಪಾತ್ರೆ ತಿಕ್ಕೋ ಹೊಳೆಯೋ ನಾರು ಆಗಲ್ಲ, ಅದು ಸ್ಟೇನ್‌ಲೆಸ್. ತುಕ್ಕು ಹಿಡಿಯೋ ತರದ್ದು, ಬಡಗಿಗಳು ಪಾಲಿಶ್‌ಗೆ ಬಳಸೋದು ಕೇಳಿ.

ಕೆಂಪುದೀಪ
ಕಂಟ್ರೋಲರ್ ಫೋಟೊ ನಾಳೆ ಹಾಕ್ತೀನಿ. ವೈರಿಂಗ್ ಕೂಡ.