‘ಸಂಕಲನದ ಪ್ರೋಗ್ರಾಮನ್ನು ಸಂಕಲಿಸಿ’: ಕಂಪೈಲ್, ಲಿಂಕ್, ಬಿಲ್ಡ್‌ಗಳಿಗೆ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾಕ್ಕೆ ಬರುವ ಮಕ್ಕಳಿಗಾಗಿ ಎಂಟು ಪುಟಗಳ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿರುವ ವಿಂಡೋಸ್ ಕಂಪ್ಯೂಟರಿಗೆ ಜಿಸಿಸಿ ಎಂಬ ಮುಕ್ತ ಕಂಪೈಲರನ್ನೂ ಮೇಕ್ ಎಂಬ ಸಾಧನವನ್ನೂ ಹಾಕಿಕೊಂಡು, ಆಜ್ಞಾಸಾಲಿನಿಂದಲೇ (ಕಮಾಂಡ್ ಲೈನ್) ಸಿ ಭಾಷೆಯ ಪ್ರೋಗ್ರಾಮ್ ಓಡಿಸುವುದು ಹೇಗೆ ಎಂಬುದಷ್ಟೇ ಅದರ ವಿಷಯ. ಎಂಸಿಸ್ 2 ಎಂಬ ಕಟ್ಟನ್ನು ಇಳಿಸಿಕೊಂಡು, ಅದರ ಕಪ್ಪು ಕಿಟಕಿಯಲ್ಲಿ, ತಂತ್ರಾಂಶಗಳನ್ನು ತಂದು ಹಾಕುವ ಪ್ಯಾಕ್‌ಮನ್‌ಗೆ ಒಂದೆರಡು ಆಜ್ಞೆ ಕೊಟ್ಟರೆ ಬೇಕಾದ್ದೆಲ್ಲ ತಾನೇ ಬಂದು ಕೂರುತ್ತದೆ. ಆ ಭಾಗ ಬರೆದು ಮುಗಿದಿದೆ. ನಾನು ಸಿಕ್ಕಿಬಿದ್ದಿರುವುದು ಮೂರು ಕ್ರಿಯಾಪದಗಳಲ್ಲಿ.

ಮೊದಲನೆಯದು ಕಂಪೈಲ್, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು. ನಿಘಂಟು ನೋಡಿ ‘ಸಂಕಲಿಸು’ ಎಂದು ಬರೆದಿದ್ದೆ. ಕೈಪಿಡಿಯ ಮೊದಲ ಉದಾಹರಣೆ ಎರಡು ಸಂಖ್ಯೆಗಳನ್ನು ಕೂಡಿಸುವುದು. ಹಾಗಾಗಿ ಮೂರನೆಯ ಪುಟದಲ್ಲಿ ‘ಸಂಕಲನದ ಪ್ರೋಗ್ರಾಮನ್ನು ಸಂಕಲಿಸಿ’ ಎಂಬ ವಾಕ್ಯ ನನ್ನ ಕೈಯಿಂದಲೇ ಬಿತ್ತು. ಓದಿದ ಹುಡುಗನೊಬ್ಬ, “ಸರ್, ಉತ್ತರವನ್ನು ಮತ್ತೊಮ್ಮೆ ಕೂಡಬೇಕೆ?” ಎಂದು ಕೇಳಿದ. ಅವನ ತಪ್ಪೇನೂ ಇಲ್ಲ. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಎಂದು ಬಾಯಿಪಾಠ ಮಾಡಿಕೊಂಡು ಬಂದವನು ಅವನು. ಇನ್ನು ಸಾಹಿತ್ಯದವರಿಗೆ ಸಂಕಲನವೆಂದರೆ ಕವಿತೆಗಳ ಕಟ್ಟು, ಸಿನಿಮಾದವರಿಗೆ ಕತ್ತರಿ ಕೆಲಸ. ನಾಲ್ಕನೆಯ ಅರ್ಥವನ್ನು ಹೊರಲು ಆ ಪದಕ್ಕೆ ಬೆನ್ನಿಲ್ಲ.

ಆದರೆ ಈ ಪದ ಬಂದದ್ದು ಸುಮ್ಮನೆ ಅಲ್ಲ. 1952ರ ಸುಮಾರಿಗೆ ಗ್ರೇಸ್ ಹಾಪರ್ ಅವರು ಯುನಿವ್ಯಾಕ್ ಯಂತ್ರಕ್ಕಾಗಿ ಎ-0 ಎಂಬ ವ್ಯವಸ್ಥೆಯನ್ನು ರೂಪಿಸಿದರು. ಮೊದಲೇ ಬರೆದಿಟ್ಟ ಚಿಕ್ಕ ಚಿಕ್ಕ ಲೆಕ್ಕದ ತುಣುಕುಗಳು ಟೇಪಿನ ಮೇಲಿರುತ್ತಿದ್ದವು, ಪ್ರತಿಯೊಂದಕ್ಕೂ ಒಂದು ಗುರುತು. ಇಂಥಿಂಥವು ಬೇಕು ಎಂದರೆ ಯಂತ್ರವೇ ಹುಡುಕಿ ತಂದು ಒಟ್ಟುಗೂಡಿಸುತ್ತಿತ್ತು. ಗ್ರಂಥಾಲಯದಿಂದ ಬಿಡಿ ಬರಹಗಳನ್ನು ಆಯ್ದು ಪುಸ್ತಕ ಮಾಡುವ ಹಾಗೆ. ಅದಕ್ಕೇ ಅವರು ಅದನ್ನು ಕಂಪೈಲರ್ ಎಂದದ್ದು. ಆ ಕೆಲಸಕ್ಕೆ ‘ಸಂಕಲನ’ ಹೇಳಿ ಮಾಡಿಸಿದ ಪದ. ತಮಾಷೆಯೆಂದರೆ ಆ ಕೆಲಸವನ್ನು ಇಂದು ಮಾಡುವುದು ಕಂಪೈಲರ್ ಅಲ್ಲ, ಲಿಂಕರ್! ಕಂಪೈಲರ್ ಈಗ ಮಾಡುವುದು ಮನುಷ್ಯ ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಕೆಲಸ. ಹೆಸರು ಒಬ್ಬರ ಬಳಿ ಉಳಿಯಿತು, ದುಡಿಮೆ ಇನ್ನೊಬ್ಬರಿಗೆ ಹೋಯಿತು.

ಇದು ಬರಿಯ ಪದದ ಹಟವಲ್ಲ ಎಂದು ನನಗೆ ತಿಳಿದದ್ದು ಪ್ರಯೋಗಾಲಯದಲ್ಲಿ. ಹುಡುಗಿಯೊಬ್ಬಳು ಮುಖ್ಯ ಭಾಗವನ್ನು ಒಂದು ಕಡತದಲ್ಲೂ, ‘ಕೂಡಿಸು’ ಎಂಬ ಫಂಕ್ಷನ್ನನ್ನು ಇನ್ನೊಂದು ಕಡತದಲ್ಲೂ ಬರೆದಿದ್ದಳು. “ಸರ್, ಕಂಪೈಲ್ ಆಗುತ್ತಿಲ್ಲ” ಎಂದಳು. ಅರ್ಧವಿರಾಮ ಬಿಟ್ಟಿರಬೇಕು, ಸಾಲು ಸಾಲಾಗಿ ನೋಡು ಎಂದು ಹೇಳಿ ನಾನು ಮುಂದಕ್ಕೆ ಹೋದೆ. ಅರ್ಧ ಗಂಟೆಯ ನಂತರವೂ ಅವಳು ಸಾಲುಗಳನ್ನೇ ನೋಡುತ್ತಿದ್ದಳು. ಪರದೆಯ ಮೇಲಿದ್ದದ್ದು ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಹೆಸರು ಎಲ್ಲೂ ಸಿಗಲಿಲ್ಲ) ಎಂಬ ದೂರು, ಕೊನೆಯಲ್ಲಿ ‘ಎಲ್‌ಡಿ ರಿಟರ್ನ್ಡ್ 1’. ಎಲ್‌ಡಿ ಎಂದರೆ ಲಿಂಕರ್. ಅಂದರೆ ಕಂಪೈಲ್ ಚೆನ್ನಾಗಿಯೇ ಆಗಿತ್ತು, ಅರ್ಧವಿರಾಮಗಳೆಲ್ಲ ಜಾಗದಲ್ಲೇ ಇದ್ದವು. ಆಜ್ಞೆ ಕೊಡುವಾಗ ಎರಡನೆಯ ಕಡತದ ಹೆಸರು ಹೇಳಲು ಅವಳು ಮರೆತಿದ್ದಳು, ಅಷ್ಟೆ. ಜಿಸಿಸಿ ಎಂಬ ಒಂದೇ ಆಜ್ಞೆ ಒಳಗೊಳಗೇ ನಾಲ್ಕು ಹಂತಗಳನ್ನು ದಾಟಿಸುತ್ತದೆ. ನಾವು ನಾಲ್ಕಕ್ಕೂ ‘ಕಂಪೈಲ್’ ಎಂದುಬಿಡುತ್ತೇವೆ. ಅವಳ ಅರ್ಧ ಗಂಟೆಯನ್ನು ತಿಂದದ್ದು ಆ ಒಂದು ಪದ ಮತ್ತು ಪರದೆ ನೋಡದ ಮೇಷ್ಟ್ರು.

ಕಂಪೈಲ್‌ಗೆ ‘ಅನುವಾದ’ ಎನ್ನಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ಬರೆದ ಪ್ರೋಗ್ರಾಮನ್ನು ಇಡಿಯಾಗಿ ತಿರುಗಿಸುವವನು ಅನುವಾದಕ, ಪೈಥಾನಿನಲ್ಲಿ ಕಾಣುವ ಹಾಗೆ ಜೊತೆಗೇ ನಿಂತು ನಡೆಸಿಕೊಡುವ ಇಂಟರ್‌ಪ್ರಿಟರ್ ದುಭಾಷಿ. ಜೋಡಿ ನನಗೆ ಬಹಳ ಹಿಡಿಸಿತು. ಆದರೂ ‘ಅನುವಾದದಲ್ಲಿ ದೋಷ’ ಎಂದೊಡನೆ ಪುಸ್ತಕ ವಿಮರ್ಶೆಯ ವಾಸನೆ ಬರುತ್ತದೆ. ಕಂಪೈಲರ್ ಎಂಬುದು ಬಸ್ಸು, ಟೇಬಲ್ಲುಗಳಂತೆ ನಮ್ಮದೇ ಆಗಿರುವುದರಿಂದ ‘ಕಂಪೈಲ್ ಮಾಡು’ ಎಂದೇ ಇಟ್ಟು, ಕನ್ನಡದ ಬಲವನ್ನು ಉಳಿದ ಎರಡಕ್ಕೆ ಮೀಸಲಿಡೋಣ ಎಂಬುದು ನನ್ನ ಒಲವು.

ಈ ಹಂತಗಳನ್ನೆಲ್ಲ ದಾಟಿಸಿ ಓಡುವ ಪ್ರೋಗ್ರಾಮನ್ನು ಸಿದ್ಧಮಾಡುವುದೇ ಬಿಲ್ಡ್. ಅದಕ್ಕೆ ‘ಕಟ್ಟು’ ಸಾಕು. ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಪ್ರೋಗ್ರಾಮನ್ನೂ ಕಟ್ಟೋಣ. ಮತ್ತೆ ಮಾಡಿದರೆ ‘ಮರುಕಟ್ಟು’. ತೊಡಕು ನಾಮಪದದಲ್ಲಿದೆ: ‘ಕಟ್ಟಡ’ ಎಂದರೆ ಗೋಡೆ ಕಾಣುತ್ತದೆ, ‘ಕಟ್ಟು’ ಎಂದರೆ ಸೌದೆ ಕಾಣುತ್ತದೆ (ಹೋಳಿಗೆ ಪ್ರಿಯರಿಗೆ ಸಾರು ಕಾಣುತ್ತದೆ), ‘ಕಟ್ಟುವಿಕೆ’ ಸಪ್ಪೆ. ‘ಕಟ್ಟಣೆ’ ನಡೆದೀತೇ?

ಮೇಕ್ ಎಂಬುದು ಆಜ್ಞೆಯ ಹೆಸರು. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಯಾವ ಕಡತ ಬದಲಾಗಿದೆಯೋ ಅದನ್ನು ಅವಲಂಬಿಸಿದ್ದನ್ನು ಮಾತ್ರ ಮತ್ತೆ ಕಟ್ಟುವುದು ಅದರ ಜಾಣತನ. ಹೆಸರನ್ನು ಬದಲಿಸುವ ಹಾಗಿಲ್ಲ. ಆದರೆ ‘ಮೇಕ್ ಮಾಡಿ’ ಎಂದು ಬರೆಯುವಾಗಲೆಲ್ಲ ‘ಮಾಡು ಮಾಡಿ’ ಎಂದಂತಾಗಿ ನಗು ಬರುತ್ತದೆ. ‘ಮೇಕ್ ಓಡಿಸಿ’ ಎಂದು ಪಾರಾಗಿದ್ದೇನೆ.

ಒಂದು ಕಡೆ ಮಾತ್ರ ಕನ್ನಡ ಸುಖ ಕೊಟ್ಟಿತು. ಈ ಕಂಪೈಲರ್ ‘ಫ್ರೀ’ ಎನ್ನುವಾಗ ಇಂಗ್ಲಿಷಿನವರು ದುಡ್ಡಿನ ಮಾತೋ ಸ್ವಾತಂತ್ರ್ಯದ ಮಾತೋ ಎಂದು ಪ್ರತಿಸಲ ಬಿಡಿಸಿ ಹೇಳಬೇಕು. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿಯನ್ನು ಹೊರತಂದದ್ದು ಎರಡನೆಯ ಅರ್ಥದಲ್ಲಿ. ‘ಅನುಸ್ಥಾಪಿಸು’ ಎಂಬುದನ್ನು ಕೈಪಿಡಿಯಿಂದ ತೆಗೆದು ‘ಹಾಕಿಕೊಳ್ಳಿ’ ಎಂದು ಬರೆದೆ. ಯಾರೂ ಅರ್ಥ ಕೇಳಲಿಲ್ಲ.

ಉಳಿದದ್ದು ಲಿಂಕ್, ನನ್ನ ನಿಜವಾದ ಪ್ರಶ್ನೆ. ‘ಕೊಂಡಿ’ಯನ್ನು ಜಾಲತಾಣದವರು ಒಯ್ದಿದ್ದಾರೆ. ‘ಜೋಡಿಸು’ ಎಂದರೆ ಅದಕ್ಕೂ ಹಿಂದಿನ ಅಸೆಂಬ್ಲಿ (ಪದಶಃ ‘ಜೋಡಣೆ’) ಹಂತದೊಡನೆ ಕಲಸಿಕೊಳ್ಳುತ್ತದೆ. ‘ಪೋಣಿಸು’ ಚೆಂದ, ಆದರೆ ದಾರದಲ್ಲಿರುವ ಮಣಿಗೆ ಪಕ್ಕದ ಮಣಿಯ ಹಂಗಿಲ್ಲ. ಇಲ್ಲಿ ಹಾಗಲ್ಲ, ಒಂದು ಕಡತದಲ್ಲಿ ‘ಕೂಡಿಸು ಎಲ್ಲಿದೆ?’ ಎಂಬ ಖಾಲಿ ಜಾಗವಿರುತ್ತದೆ, ಇನ್ನೊಂದರ ವಿಳಾಸ ಬಂದು ಅದನ್ನು ತುಂಬಬೇಕು. ಹೀಗಾಗಿ ‘ಬೆಸೆ’ ಎಂಬಲ್ಲಿ ಬಂದು ನಿಂತಿದ್ದೇನೆ: ಕಡತಗಳನ್ನು ಬೆಸೆಯುವುದು, ಬೆಸುಗೆಯ ದೋಷ.

ಪದ ಒಪ್ಪಿಗೆಯಾದರೂ ಅದರ ಸುತ್ತಲಿನ ಮಾತು ನನಗೆ ಬೇಕು. ಅಕ್ಕಸಾಲಿಗರು ಬಿಳಿಗಾರ ಹಾಕಿ ಬೆಸುಗೆ ಮಾಡುತ್ತಾರಲ್ಲ, ಎರಡು ತುಂಡುಗಳು ಕೂಡದೆ ಹೋದಾಗ ಏನನ್ನುತ್ತಾರೆ? ಬೆಸುಗೆ ಹತ್ತಲಿಲ್ಲ, ಹಿಡಿಯಲಿಲ್ಲ, ಬಿಟ್ಟಿತು? ಬೆಸೆಯುವ ಸಲಕರಣೆಗೆ ಅವರಲ್ಲಿ ಬೇರೆ ಹೆಸರಿದೆಯೇ? ಅಂಥ ಮನೆಯಲ್ಲಿ ಬೆಳೆದವರು, ಕಮ್ಮಾರಸಾಲೆಯ ಮಾತು ಕೇಳಿಬಲ್ಲವರು ಯಾರಾದರೂ ಇದ್ದರೆ ಊರಿನ ಹೆಸರಿನೊಡನೆ ಬರೆಯಿರಿ. ಐದನೆಯ ಪುಟವನ್ನು ಅದಕ್ಕಾಗಿ ಖಾಲಿ ಇಟ್ಟುಕೊಂಡು ಕುಳಿತಿದ್ದೇನೆ.