ಮೊಲದ ಚೊಚ್ಚಲ ಮರಿಗಳು: ತಾಯಿ ಹಾಲೂಡಿಸುತ್ತಿಲ್ಲವೇ?

ಪ್ರಶ್ನೆ:
ನಮ್ಮ ಮನೆಯ ಮೊಲ ನಿನ್ನೆ ನಸುಕಿನಲ್ಲಿ ಮೊದಲ ಬಾರಿಗೆ ಐದು ಮರಿ ಹಾಕಿದೆ. ತನ್ನ ಎದೆಯ ತುಪ್ಪಳವನ್ನೇ ಕಿತ್ತು ರಟ್ಟಿನ ಪೆಟ್ಟಿಗೆಯಲ್ಲಿ ಹಾಸಿ, ಮರಿಗಳನ್ನು ಅದರೊಳಗೆ ಮುಚ್ಚಿಟ್ಟ ತಾಯಿ ಆಮೇಲೆ ಹಗಲಿಡೀ ಅತ್ತ ಸುಳಿದಿಲ್ಲ. ಕಣ್ಣು ಸಹ ತೆರೆಯದ ಆ ಜೀವಗಳಿಗೆ ಹಸುವಿನ ಹಾಲು ಕೊಡಬಹುದೇ? ಮುಟ್ಟಿದರೆ ತಾಯಿ ದೂರ ಮಾಡುತ್ತದೆ ಎಂದು ಅತ್ತೆಯವರು ಹೇಳುತ್ತಾರೆ.

ಉತ್ತರ 1:
ದಯವಿಟ್ಟು ಹಸುವಿನ ಹಾಲು ಬೇಡ. ಮೊಲ ದಿನಕ್ಕೆ ಒಂದೆರಡು ಬಾರಿ, ಅದೂ ಹೆಚ್ಚಾಗಿ ರಾತ್ರಿ ಅಥವಾ ನಸುಕಿನಲ್ಲಿ, ಕೆಲವೇ ನಿಮಿಷ ಹಾಲೂಡಿಸುತ್ತದೆ. ಗೂಡಿನಿಂದ ದೂರವಿರುವುದು ಬೇಟೆಗಾರ ಪ್ರಾಣಿಗಳಿಗೆ ಮರಿಗಳ ಸುಳಿವು ಸಿಗದಿರಲೆಂಬ ಹುಟ್ಟುಗುಣ. ನಿಮ್ಮ ವಾಸನೆ ತಾಯಿಗೆ ಪರಿಚಿತವಾದ್ದರಿಂದ ಬೆಳಿಗ್ಗೆ ಕೈ ತೊಳೆದು ಒಂದೊಂದೇ ಮರಿಯನ್ನು ಎತ್ತಿ ನೋಡಿ. ಹಾಲು ಕುಡಿದ ಮರಿಯ ಹೊಟ್ಟೆ ದುಂಡಗೆ ಉಬ್ಬಿರುತ್ತದೆ, ಕುಡಿಯದಿದ್ದರೆ ಚರ್ಮ ಸುಕ್ಕುಗಟ್ಟಿರುತ್ತದೆ. ಎರಡು ದಿನವೂ ಸುಕ್ಕಾಗಿಯೇ ಕಂಡರೆ, ಅಥವಾ ಮರಿಗಳು ಸೊರಗಿದರೆ ಅದಕ್ಕೂ ಮೊದಲೇ, ಪಶುವೈದ್ಯರನ್ನು ಕಾಣಿರಿ.

ಉತ್ತರ 2:
ಗಂಡು ಮೊಲವಿದ್ದರೆ ಇಂದೇ ಬೇರೆ ಕೋಣೆಗೆ ಸಾಗಿಸಿ, ಏಕೆಂದರೆ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ತಾಯಿಗೆ ಒಣಹುಲ್ಲು, ನೀರು ಸದಾ ಇರಲಿ. ಮರಿಗಳು ಸುಮಾರು 10ರಿಂದ 12 ದಿನಕ್ಕೆ ಕಣ್ಣು ಬಿಡುತ್ತವೆ.

ಪ್ರಶ್ನೆ ಕೇಳಿದವರು:
ಇಂದು ಬೆಳಿಗ್ಗೆ ನೋಡಿದೆ. ನಾಲ್ಕರ ಹೊಟ್ಟೆ ತುಂಬಿ, ತೆಳುಚರ್ಮದಡಿ ಹಾಲಿನ ಬಿಳುಪು ಕಾಣುತ್ತಿತ್ತು. ಐದನೆಯದು ಗೂಡಿನ ಹೊರಗೆ ತಣ್ಣಗೆ ಬಿದ್ದಿತ್ತು.

ಉತ್ತರ 1:
ಮೊಲೆಗೆ ಕಚ್ಚಿಕೊಂಡೇ ಹೊರಬಂದಿರಬೇಕು. ತಾಯಿ ಅದನ್ನು ಬಾಯಲ್ಲಿ ಎತ್ತಿ ಒಳಗಿಡುವುದಿಲ್ಲ. ಅಂಗೈಗಳ ನಡುವೆ ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಉಳಿದವುಗಳ ನಡುವೆ ಮಲಗಿಸಿ. ಮೈ ತಣ್ಣಗಿರುವಾಗ ಹಾಲು ಕುಡಿಸಬಾರದು.